ಮೇಘಾಳ ಎಂಬತ್ತೊಂದು

ಜೂನ್ 12, 2025. ಮಸ್ಕಿ. ಬೆಳಿಗ್ಗೆ 9

ಬಿ.ಪಿ. ಮಾತ್ರೆ ಆಯಿತು. ಮೇಘಾಳನ್ನು ಶಾಲೆಗೆ ಬಿಟ್ಟು ಬಂದೆ. ಹತ್ತು ವರ್ಷದ ಮೊಮ್ಮಗಳು, ಶೂ ಇನ್ನೂ ಅದಲುಬದಲು ಹಾಕಿಕೊಳ್ಳುತ್ತಾಳೆ. ನನ್ನ ಹೆಂಡತಿ ಶಿವಲಿಂಗಮ್ಮ ಇದ್ದಾಗ ಅದು ಅವಳ ಕೆಲಸ. ಅವಳು ಹೋಗಿ ನಾಲ್ಕು ವರ್ಷ — ಈಗ ನನ್ನದು.

ನಿನ್ನೆ ಲಿಂಗಸುಗೂರು ಆಸ್ಪತ್ರೆ. ಮೇಘಾಳಿಗೆ ಐಕ್ಯೂ ಟೆಸ್ಟ್. ಸರ್ಟಿಫಿಕೇಟ್ ತಂದರೆ ವಾರಕ್ಕೆರಡು ದಿನ ವಿಶೇಷ ಶಿಕ್ಷಕಿ ಬಂದು ಪಕ್ಕ ಕೂತು ಕಲಿಸುತ್ತಾಳಂತೆ. ಇಲ್ಲದಿದ್ದರೆ ಕೊನೆಯ ಬೆಂಚು. ಹೆಡ್‌ಮಾಸ್ತರ ಮಾತು.

ಪರೀಕ್ಷೆ ಮಾಡುವವರು ಮಮತಾ ಮೇಡಂ. ಚಿತ್ರ ನೋಡಿ ಕೆಂಪು-ಬಿಳಿ ಕಟ್ಟಿಗೆ ತುಂಡು ಜೋಡಿಸಬೇಕು. ಅವರು ಹೇಳಿದ ಅಂಕಿ ಹಿಂದಿನಿಂದ ಮುಂದಕ್ಕೆ ಹೇಳಬೇಕು. ಬಾಗಿಲ ಸಂದಿಯಿಂದ ಎಲ್ಲ ನೋಡಿದೆ. ಹುಡುಗಿಗೆ ಅರ್ಧಕ್ಕೇ ಅಳು. ಮೇಡಂ ನಿಲ್ಲಿಸಿದರು. "ಮೂರು ವಾರ ಬಿಟ್ಟು ಬರ್ರಿ ಅಜ್ಜಾರ. ಮೊದಲಿಂದ ಮಾಡೋಣಂತ."

ಬಿ.ಎ.ಯಲ್ಲಿ ಸೈಕಾಲಜಿ ಒಂದು ಪೇಪರ್ ಇತ್ತು. ಇಂಟೆಲಿಜೆನ್ಸ್ ಈಸ್ ದ ಕೆಪಾಸಿಟಿ ಟು... ಟು ಏನೋ. ಬರಲಿಲ್ಲ. ಘಂಟೆಯಂಥ ಒಂದು ಗೆರೆ ನೆನಪಿದೆ, ನಡುವೆ ನೂರು. ಪಾಸ್ ಮಾರ್ಕ್ ಎಷ್ಟೋ.

ಪರೀಕ್ಷೆ ಅಂದಮೇಲೆ ತಯಾರಿ ಬೇಡವೇ? ಸಿಂಧನೂರಿನಲ್ಲಿ ಮೂರನೇ ಕ್ಲಾಸಿನವರಿಗೇ ಟ್ಯೂಷನ್.

ಜೂನ್ 14

ಬಡಿಗ ಯಂಕೋಬನಿಂದ ಒಂಬತ್ತು ತುಂಡು ಮಾಡಿಸಿದೆ. "ಏನು ಮಾವ, ಈ ವಯಸ್ಸಿನ್ಯಾಗ ಆಟ ಆಡಾಕತ್ತೀಯೇನು?" ಅಂದ.

"ಮೊಮ್ಮಗಳ ಪರೀಕ್ಷೆಗಲೇ."

"ಕಟ್ಟಿಗಿ ಪರೀಕ್ಷೆ ಇದ್ರ ನಾನೂ ಬರ್ತೀನಿ. ಅದೊಂದರಾಗರ ಪಾಸಾಗ್ತೀನಿ."

ಬಣ್ಣ ನಾನೇ ಬಳಿದೆ. ನೋಡಿದ ಚಿತ್ರಗಳನ್ನು ನೆನಪಿನಿಂದ ಬರೆದೆ. ನನ್ನ ಮಗಳು ಭಾಗ್ಯ, ಮೇಘಾಳ ಅವ್ವ, ಕಚೇರಿಯಿಂದ ಬಂದು ಇವೇನೆಂದು ಕೇಳಿದಳು. ಆಟದ ಸಾಮಾನು ಎಂದೆ.

ಜೂನ್ 29

ದಿನಕ್ಕೆ ಎರಡು ತಾಸು. ಆರು ಚಿತ್ರ ನೋಡದೆಯೇ ಜೋಡಿಸುತ್ತಾಳೆ. ಏಳನೆಯದು, ಹೊಸದು, ಕೊಟ್ಟೆ. ಆಗಲಿಲ್ಲ. ನನ್ನ ಮುಖ ನೋಡಿದಳು... ಆ ಚಿತ್ರ ಹರಿದು ಹಾಕಿದೆ.

ಜುಲೈ 3. ಸಂಜೆ

ಎಂಬತ್ತೊಂದು. ಈ ಸಲ ಹುಡುಗಿ ಅಳಲೂ ಇಲ್ಲ. ಭಾಗ್ಯಳಿಗೆ ಫೋನ್ ಮಾಡಿದರೆ, "ಎಂಬತ್ತೊಂದ? ಅಪ್ಪ, ಡಿಸ್ಟಿಂಕ್ಷನ್ ಅಲ್ಲೇನು!" ಎಂದು ಅಳುತ್ತಲೇ ನಕ್ಕಳು. ಕಚೇರಿಯಲ್ಲಿ ಪೇಡೆ ಹಂಚಿದಳಂತೆ.

ಮೇಡಂ ಹೇಳಿದ್ದನ್ನು ಅವಳಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತೇನೆ. "ಇದು ನೂರಕ್ಕ ಎಂಬತ್ತೊಂದಲ್ರಿ. ಇಕಿ ವಯಸ್ಸಿನ ಮಕ್ಕಳ ನಡುವ ಇಕಿ ಎಲ್ಲಿ ನಿಂತಾಳ ಅನ್ನೋದು. ಎಪ್ಪತ್ತರ ಕೆಳಗ ಬಂದ್ರಷ್ಟೇ ಬುದ್ಧಿ ಬೆಳವಣಿಗಿ ಕಡಿಮಿ ಅಂತ ಸರ್ಟಿಫಿಕೇಟ್ ಕೊಡೋದು. ಇಕಿಗೆ ಬೇಕಾಗಿಲ್ಲ. ಖುಷಿ ಪಡ್ರಿ."

ಥ್ಯಾಂಕ್ಯೂ ಮೇಡಂ — ಅಂದು ಎದ್ದೆ. ಸರ್ಟಿಫಿಕೇಟ್ ಇಲ್ಲ ಅಂದರೆ ವಿಶೇಷ ಶಿಕ್ಷಕಿಯೂ ಇಲ್ಲ.

ಜುಲೈ 19

ಹದಿನಾರು ದಿನ ಬರೆಯಲಿಲ್ಲ. ಬರೆಯಲು ಮುಖವಿಲ್ಲ.

ಇಂದು ಹೆಡ್‌ಮಾಸ್ತರು ಕರೆಸಿದರು. ರಿಪೋರ್ಟ್ ಮುಂದೆ ಇಟ್ಟರು. "ಯಜಮಾನ್ರ, ಹುಡುಗಿ ದಡ್ಡಿ ಅಲ್ಲಂತ ಇದರಾಗ ಬರದೈತಿ. ಮತ್ತ ಓದಾಕ ಬರಲ್ಲಂದ್ರ ಸೋಮಾರಿತನ. ಸ್ವಲ್ಪ ಬಿಗಿ ಮಾಡ್ತೀವಿ."

ಬಿಗಿ ಆಗಲೇ ಮಾಡಿದ್ದಾರೆ. ಮೇಘಾಳ ಅಂಗೈ ಮೇಲೆ ಸ್ಕೇಲಿನ ಬರೆ. ದಾರಿಯಲ್ಲಿ ಕೇಳಿದಳು: "ತಾತ, ನಾ ಸೋಮಾರಿ ಅದೀನೇನು?"

ಮೂವತ್ತೊಂದು ವರ್ಷ ದಢೇಸುಗೂರು ಕಡೆ ಕಾಲುವೆಯ ನೀರಿನ ಮಟ್ಟದ ಗೇಜ್ ಓದಿದವನು ನಾನು. ಎರಡು ಬೆರಳು ಹೆಚ್ಚು ಬರಿ ಎಂದು ಒಬ್ಬರು, ಕಡಿಮೆ ಬರಿ ಎಂದು ಒಬ್ಬರು. ಬೈಗುಳ ತಿಂದೆ, ನೀರು ಇದ್ದಷ್ಟೇ ಬರೆದೆ. ಕೊನೆಗೆ ಮನೆಯ ಮಗುವಿನ ಲೆಕ್ಕವನ್ನೇ ಸುಳ್ಳು ಮಾಡಿದೆ.

ಜುಲೈ 21. ಮಧ್ಯಾಹ್ನ, ಲಿಂಗಸುಗೂರು ಬಸ್ ನಿಲ್ದಾಣ

ಒಬ್ಬನೇ ಬಂದೆ. ಎಲ್ಲ ಹೇಳಿದೆ. ಮೇಡಂ ಪೆನ್ ಕೆಳಗಿಟ್ಟರು.

"ಎಷ್ಟು ದಿನ ಕಲಿಸೀರಿ?"

"ಹದಿನೆಂಟ್ರಿ."

"ಹಂಗಂದ್ರ ನಾ ಅಳತಿ ಮಾಡಿದ್ದು ಆಕಿನ್ನಲ್ಲ ಅಜ್ಜಾರ. ನಿಮ್ಮನ್ನ."

ಈಗಲೇ ಮತ್ತೆ ಮಾಡಿ ಎಂದೆ. ಆಗುವುದಿಲ್ಲವಂತೆ. "ಕೈಗೆ ರೂಢಿ ಆಗೇದ. ಅದು ಮರೀಬೇಕು, ಒಂದು ವರ್ಷ ಹಿಡೀತದ. ಆಕಿ ಅವ್ವನ್ನ ಕರಕೊಂಡು ಬರ್ರಿ, ಮನಿಯಾಗ ಹೆಂಗಿರ್ತಾಳಂತ ಕೇಳಬೇಕು." ಹೊಡೆಯಬಾರದೆಂದು ಹೆಡ್‌ಮಾಸ್ತರಿಗೆ ಚೀಟಿ ಬರೆದುಕೊಟ್ಟರು. ಜೇಬಿನಲ್ಲಿದೆ.

ಒಂದು ವರ್ಷ. ಹತ್ತು ವರ್ಷದ ಮಗುವಿಗೆ ಒಂದು ವರ್ಷ ಅಂದರೆ ಎಷ್ಟು... ಆ ವರ್ಷವನ್ನು ನನ್ನ ಪ್ರೀತಿ ತಿಂದುಹಾಕಿತು.

ಅದೇ ದಿನ, ಸಂಜೆ 5.45

ಭಾಗ್ಯ ರಿಪೋರ್ಟಿಗೆ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಿದ್ದಾಳೆ. ಆರಕ್ಕೆ ಬರುತ್ತಾಳೆ. ಮೇಘಾಳನ್ನು ಹೊರಗೆ ಆಡಲು ಕಳಿಸಿ ಹೇಳೋಣ ಎಂದುಕೊಂಡಿದ್ದೆ. ಬೇಡ. ಅವಳೂ ಕೇಳಲಿ. ಸೋಮಾರಿಯಲ್ಲ ಎಂಬುದನ್ನು ಅವ್ವನ ಎದುರಿಗೇ ಕೇಳಬೇಕು ಅವಳು. ತಪ್ಪು ಯಾರದೆಂದೂ.

ಮೇಘಾ ಪಕ್ಕದಲ್ಲೇ ಕೂತಿದ್ದಾಳೆ. ಸ್ಕೂಟಿ ನಿಂತ ಸದ್ದು. ಭಾಗ್ಯ ಚಪ್ಪಲಿ ಬಿಡುವುದರೊಳಗೆ ಮೊದಲ ಮಾತು ಆಡಿಬಿಡಬೇಕು: ತಪ್ಪು ನನ್ನದು.