ಸೋಮವಾರ ಕೊಯ್ಯದ ಇಲಿ

೧೪ ಆಗಸ್ಟ್ ೨೦೦೩, ಗುರುವಾರ

ಮತ್ತೆ ಇಲಿಯ ಬಾಲ ಹಿಡಿಯುವ ಕೆಲಸ. ಬೈಲಹೊಂಗಲದ ಕಾಲೇಜಿನಲ್ಲಿ ಪಾಠ ಹೇಳುತ್ತ ಪಿಎಚ್.ಡಿ. ಮಾಡುವ ನನಗೂ ವಿರೂಪಾಕ್ಷನಿಗೂ ಒಬ್ಬರೇ ಗೈಡ್, ಅಭ್ಯಾಸಕ್ಕೆ ಒಂದೇ ಜೀನ್, ಅಂದರೆ ವಂಶವಾಹಿ. ಅವನು ಸೀನಿಯರ್, ಹಾಗಾಗಿ ಚಾಕು ಅವನ ಕೈಗೆ, ಬಾಲ ನನ್ನ ಕೈಗೆ. ಬೆನ್ನ ಮೇಲೆ ಗಾಯ ಮಾಡಿದಾಗ ಅಂಚಿನ ಜೀವಕೋಶಗಳಿಗೆ 'ನಡೀರಿ' ಎಂದು ಹೇಳುವುದು ಈ ಜೀನ್ – ಅವನ ವಾದ. ಔಷಧ ಹಚ್ಚಿ ಜೀನಿನ ಬಾಯಿ ಮುಚ್ಚಿದರೆ ಕೋಶಗಳು ಕದಲುವುದಿಲ್ಲ, ಗಾಯ ಕೂಡುವುದಿಲ್ಲ. ಈ ತಿಂಗಳು ಎರಡು ಸಲ ತೋರಿಸಿದ್ದಾನೆ. ಗೈಡ್ ಸರ್ ಧಾರವಾಡದ ಬಸ್ಸಿಳಿದವರೇ ಅವನ ಬೆನ್ನು ತಟ್ಟುತ್ತಾರೆ. ನನ್ನ ಥೀಸಿಸ್ ನಿಂತಿರುವುದೂ ಇದೇ ಮಾತಿನ ಮೇಲೆ, ಅದಕ್ಕೇ ಸುಮ್ಮನಿದ್ದೇನೆ. ಡಿಸೆಂಬರಿಗೆ ಕೊಡದಿದ್ದರೆ ಈ ಟೆಂಪರರಿ ನೌಕರಿಯೂ ಹೋಯಿತು.

ಇವತ್ತು ಔಷಧವಿಲ್ಲದ ಇಲಿಗಳು. ನಾಳೆ ಝಂಡಾ ಹಾರಿಸಿ ಬಂದು ಔಷಧದವು. ಎಲ್ಲವನ್ನೂ ನಾಲ್ಕನೇ ದಿನ ಕೊಯ್ದು ನೋಡಬೇಕು. ಇವಕ್ಕೆ ಸೋಮವಾರ, ಅವಕ್ಕೆ ಮಂಗಳವಾರ.

೧೮ ಆಗಸ್ಟ್, ಸೋಮವಾರ, ಸಂಜೆ

ಸೋಮವಾರ ಮಾತ್ರ ನನಗೆ ಕಿತ್ತೂರಿನ ಕಾಲೇಜಿನಲ್ಲಿ ಪಾಠ, ಇಲ್ಲಿಗೆ ಬರುವುದಿಲ್ಲ. ಇವತ್ತು ರದ್ದು. ಇಲಿ ಕೋಣೆಗೆ ಹೋದೆ. ಗುರುವಾರದ ಇಲಿಗಳು ಆರಾಮಾಗಿ ಕಾಳು ತಿನ್ನುತ್ತಿವೆ! ವಿರೂಪಾಕ್ಷ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಪೇಪರ್ ಓದುತ್ತಿದ್ದ. ಯಾಕೆ ಕೊಯ್ದಿಲ್ಲ ಎಂದೆ.

"ಶ್ರಾವಣ ಸೋಮವಾರ ಚಾಕು ಹಿಡೀತಾರೇನ್ ಮೀನಾ? ನಾಳೆ ಎಲ್ಲಾ ಕೂಡೇ ಮುಗಸ್ತೇನಿ."

ಹಿಂದಿನ ಎರಡು ಸಲವೂ ಹಾಗೇ ಮಾಡಿದನಂತೆ. ನಗುತ್ತಲೇ ಹೇಳಿದ. ದಡ್ಡ. ಔಷಧವಿಲ್ಲದ ಇಲಿಗೆ ಐದು ದಿನ, ಔಷಧದ ಇಲಿಗೆ ನಾಲ್ಕು. ಒಂದು ದಿನ ಹೆಚ್ಚು ಸಿಕ್ಕರೆ ಗಾಯ ಹೆಚ್ಚು ಕೂಡದೆ ಏನು ಮಾಡುತ್ತದೆ? ಸಿಕ್ಕಿಬಿದ್ದ ಮಗ. ಎಷ್ಟೋ ದಿನದ ಮೇಲೆ ರೊಟ್ಟಿ ರುಚಿ ಹತ್ತಿತು.

೨೫ ಆಗಸ್ಟ್, ಸೋಮವಾರ

ಶ್ರಾವಣದ ಕೊನೆಯ ಸೋಮವಾರ. ಕಳೆದ ಗುರುವಾರ ಔಷಧವಿಲ್ಲದ, ಶುಕ್ರವಾರ ಔಷಧದ ಹೊಸ ಇಲಿಗಳಿಗೆ ಒಬ್ಬಳೇ ಗಾಯ ಮಾಡಿಟ್ಟಿದ್ದೆ. ಅತ್ತೆ ಗುರುಬಸವ್ವ ಹಣೆಗೆ ವಿಭೂತಿ ಹಚ್ಚಿ, ಇವತ್ತೊಂದು ದಿನ ಆ ಪಾಪದ ಕೆಲಸ ಬೇಡ ಎಂದರು. ಕಿತ್ತೂರಿನ ಪಾಠಕ್ಕೆ ರಜೆ ಹಾಕಿ, ವಿಭೂತಿ ಅಳಿಸದೆ ಹೋಗಿ ಗುರುವಾರದವನ್ನು ಕೊಯ್ದೆ; ಔಷಧದವು ನಾಳೆ. ಚಾಕು ಇಡುವ ಮೊದಲು 'ಶಿವಾ' ಅಂದೆ. ಅದಕ್ಕೂ ಸಿಟ್ಟು ಬಂದದ್ದು ವಿರೂಪಾಕ್ಷನ ಮೇಲೆಯೇ.

೫ ಸೆಪ್ಟೆಂಬರ್

ಕೊಯ್ದ ಗಾಯಗಳ ಸ್ಲೈಡ್ ನೋಡಿದೆ. ಔಷಧ ಹಚ್ಚಿದ್ದು, ಹಚ್ಚದ್ದು... ಎರಡೂ ಒಂದೇ ಸಮ ಕೂಡಿವೆ. ಜೀನಿನ ಬಾಯಿ ಮುಚ್ಚಿದರೂ ಕೋಶಗಳು ತಮ್ಮ ಪಾಡಿಗೆ ನಡೆದಿವೆ. ಈ ಜೀನ್ ಬೇರೇನು ಮಾಡುತ್ತದೋ, ದೇವರೇ ಬಲ್ಲ. 'ನಡೀರಿ' ಅನ್ನುವುದು ಇದಲ್ಲ.

ಮೊದಲು ಕುಣಿಯುವಷ್ಟು ಖುಷಿ. ಆಮೇಲೆ ಮೈಕ್ರೋಸ್ಕೋಪ್ ಮುಂದೆಯೇ ಅಳು. ನನ್ನ ಮೂರು ವರ್ಷ. ಥೂ.

೬ ಸೆಪ್ಟೆಂಬರ್

ವಿರೂಪಾಕ್ಷನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದ. ಎದ್ದು ಬಾಗಿಲು ಹಾಕಿದ. ಮೊದಲ ಸಲ ನನಗೆ ಕುರ್ಚಿ ಎಳೆದುಕೊಟ್ಟ.

"ಡಿಸೆಂಬರ್ ತನಕ ಸುಮ್ನಿರು. ಇಬ್ಬರೂ ಡಾಕ್ಟರ್ ಆಗೋಣು. ಆಮ್ಯಾಲೆ ನಂದು ತಪ್ಪು ಅಂತ ನೀನ ಬರಿ, ನಾ ಬ್ಯಾಡ ಅನ್ನೂದಿಲ್ಲ."

ಕೆಟ್ಟ ಮಾತೇನಲ್ಲ. ಹೊಟ್ಟೆ ಉರಿಯುವುದು ಅದಕ್ಕೇ. ನೌಕರಿ ಉಳಿಯುತ್ತದೆ, ಅದೂ ಇವನ ದಯೆಯಿಂದ.

೧೨ ಸೆಪ್ಟೆಂಬರ್, ಸಂಜೆ

ಸೆಮಿನಾರ್ ಮುಗಿಯಿತು. ಮೊದಲು ಅವನು. ಚಪ್ಪಾಳೆ. ಆಮೇಲೆ ನಾನು. ಅವನ ಸ್ಲೈಡಿನ ಪಕ್ಕ ನನ್ನದಿಟ್ಟು ಸೋಮವಾರದ ಕಥೆ ಹೇಳಿದೆ. ಯಾರೂ ನಗಲಿಲ್ಲ. ಶ್ರಾವಣ ಅಲ್ಲವೇ, ಅದರಲ್ಲೇನು ತಪ್ಪು ಎಂದು ಹಿಂದಿನ ಸಾಲಿನಲ್ಲಿ ಗೊಣಗಾಟ. ಸರ್ ಕನ್ನಡಕ ತೆಗೆದರು.

"ಹಂಗಾರ ನಿನ್ನ ಥೀಸಿಸ್ ಏನ್ ಆಗತೈತಿ, ಗೊತ್ತೈತೇನು?"

ಗೊತ್ತಿದೆ ಎಂದೆ. ಇನ್ನು ಇಬ್ಬರೂ ಡಿಸೆಂಬರಿನ ಆಸೆ ಬಿಡಿ ಎಂದು ಎದ್ದು ಹೋದರು.

ಬಸ್‌ಸ್ಟ್ಯಾಂಡಿನ ತನಕ ವಿರೂಪಾಕ್ಷ ಬೆನ್ನು ಹತ್ತಿ ಬಂದ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ನಾನ ಆ ತಪ್ಪು ಮಾಡಿರಲಿಲ್ಲಂದ್ರ... ಬ್ಯಾರೆ ಯಾರರ ಮಾಡಿದ್ರ, ಹೇಳತಿದ್ದೇನ್ ನೀ?"

ಬಸ್ ಹತ್ತಿದೆ. ಹೇಳುತ್ತಿದ್ದೆ, ಖಂಡಿತ ಹೇಳುತ್ತಿದ್ದೆ ಎಂದು ಬರೆಯಲು ಕುಳಿತಿದ್ದೇನೆ. ವಿಜ್ಞಾನದಲ್ಲಿ ಸುಳ್ಳು ನಡೆಯಬಾರದು. ಆದರೆ ಸೆಮಿನಾರಿನಲ್ಲಿ ಅವನ ಮುಖ ಸಪ್ಪಗಾದಾಗ ನನಗೆ ಆದದ್ದು – ರೊಟ್ಟಿ ರುಚಿ ಹತ್ತಿದ ಆ ಸಂಜೆಯದೇ ಖುಷಿ.