ಊರಿಗೊಂದು ಮೇಣದಬತ್ತಿ

ಫ್ರೀಮಾಂಟ್
ಸೆಪ್ಟೆಂಬರ್ 28, ಭಾನುವಾರ

ಅಪೇಕ್ಷಾಳ ಪಪ್ಪನಿಗೆ, ಸೌದಾಮಿನಿಯ ನಮಸ್ಕಾರ.

ಲಕೋಟೆ ನೋಡಿ ವಕೀಲರ ಪತ್ರವೆಂದು ಹೆದರಿದ್ದರೆ ಹೆದರಬೇಡಿ, ಅದಲ್ಲ. ವಾಟ್ಸ್ಯಾಪಿನಲ್ಲಿ ಬರೆದರೆ ನೀವು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಮುಗಿಸಿಬಿಡುತ್ತೀರಿ. ಆ ಹೆಬ್ಬೆರಳಿಗೆ ಏನು ಅರ್ಥ ಎಂದು ನಾನು ಎರಡು ದಿನ ಯೋಚಿಸುತ್ತಾ ಕೂರಬೇಕು. ಅದಕ್ಕೇ ಕಾಗದ ಹಿಡಿದೆ. ನಿಮ್ಮ ಪ್ಲೆಸೆಂಟನ್ ಅಪಾರ್ಟ್‌ಮೆಂಟಿನ ನಂಬರು ನನಗೆ ಗೊತ್ತಿರಲಿಲ್ಲ, ಮಗಳನ್ನು ಕೇಳಿ ತಿಳಿದುಕೊಂಡೆ. ಗಂಡ ಇರುವ ಮನೆಯ ನಂಬರನ್ನು ಮಗಳ ಹತ್ತಿರ ಕೇಳುವುದು ಎಷ್ಟು ನಾಚಿಕೆಯ ಕೆಲಸ ಎಂದು ಕೇಳುವಾಗಲೇ ಗೊತ್ತಾಯಿತು.

ಮಗಳ ಮದುವೆ ಚೆನ್ನಾಗಿ ಆಯಿತು. ಫೋಟೊಗಳನ್ನು ಅಪೇಕ್ಷಾ ನಿಮಗೆ ಕಳಿಸಿದ್ದಾಳೆ, ಮತ್ತೆ ವರ್ಣಿಸುವುದಿಲ್ಲ. ಫೋಟೊದಲ್ಲಿ ಇಲ್ಲದ ಸಂಗತಿಗಳನ್ನು ಬರೆಯುತ್ತೇನೆ. ಅದರಲ್ಲಿ ಮೊದಲನೆಯದನ್ನು ಓದಿ ಸಿಟ್ಟಾಗಬೇಡಿ. ಆ ಊರಿನಲ್ಲಿ ನಿಮಗೆ ಹೃದಯದ ಆಪರೇಷನ್ ಆಗಿದೆ.

ಆದದ್ದು ಹೀಗೆ. ಅಳಿಯ ಲೂಕಾನ ಮನೆ ಇರುವುದು ಇಸ್ಟ್ರಿಯಾ ಎಂಬ ಕಡಲತಡಿಯ ಸೀಮೆಯ ಒಳನಾಡಿನಲ್ಲಿ, ದ್ರಾಕ್ಷಿತೋಟದ ಗುಡ್ಡಗಳ ನಡುವೆ ಒಂದು ಸಣ್ಣ ಹಳ್ಳಿ. ಹೋದ ದಿನದ ಊಟಕ್ಕೆ ಅವನ ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಕೂತಿದ್ದರು. ಅಜ್ಜಿಯನ್ನು ಅಲ್ಲಿ ನೋನಾ ಎನ್ನುತ್ತಾರೆ. ಈ ನೋನಾ ಕರಾವಳಿಯ ಪೊರೆಚ್ ಎಂಬ ಊರಿನ ಹೋಟೆಲಿನಲ್ಲಿ ಬಹಳ ವರ್ಷ ಅಡುಗೆ ಮಾಡಿದವರು, ಪ್ರವಾಸಿಗಳ ಜೊತೆ ಮಾತಾಡಿ ಮಾತಾಡಿ ಇಂಗ್ಲಿಷ್ ಕಲಿತವರು. ಅವರೇ ಕೇಳಿದರು, ಹುಡುಗಿಯ ಅಪ್ಪ ಯಾವತ್ತು ಬರುತ್ತಾರೆ ಎಂದು. ಲೂಕಾನಿಗೆ ನಮ್ಮ ಕಥೆ ಗೊತ್ತು, ಅವನು ಏನೋ ಹೇಳಲು ಬಾಯಿ ತೆರೆದ. ನಾನು ಅವಸರದಲ್ಲಿ, ಅವರಿಗೆ ಹೃದಯದ ಆಪರೇಷನ್ ಆಗಿದೆ, ಡಾಕ್ಟರು ವಿಮಾನ ಹತ್ತಬಾರದು ಎಂದಿದ್ದಾರೆ ಎಂದುಬಿಟ್ಟೆ. ಲೂಕಾ ತಲೆ ಬಗ್ಗಿಸಿ ತಟ್ಟೆ ನೋಡಿದ. ಅಪೇಕ್ಷಾ ಆಮೇಲೆ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಇಂಗ್ಲಿಷಿನಲ್ಲಿ ಬೈದಳು. ಬೈಗುಳಕ್ಕೆ ಅವಳಿಗೆ ಕನ್ನಡ ಸಾಲುವುದಿಲ್ಲ.

ಇನ್ನೇನು ಹೇಳಲಿ? ಮೊದಲ ಬಾರಿ ಕಂಡ ಬೀಗರ ಎದುರು ಕೂತು, ನಾವಿಬ್ಬರೂ ಸುನೋಲ್ ಗುಡ್ಡದ ಆಚೆಗೊಬ್ಬರು ಈಚೆಗೊಬ್ಬರು ಬೇರೆ ಬೇರೆ ಇದ್ದೇವೆ ಎಂದು ಹೇಳಲಾ? ಸುಳ್ಳು ನಮಗೆ ಹೊಸದೂ ಅಲ್ಲ. ನೀವು ಪ್ಲೆಸೆಂಟನ್‌ನಲ್ಲಿ ಮನೆ ಹಿಡಿದಾಗ ಕನ್ನಡ ಕೂಟದವರಿಗೆಲ್ಲ ಟ್ರಾಫಿಕ್ಕಿನ ನೆಪ ಹೇಳಿದೆವು. ವಾರದ ದಿನ ಅಲ್ಲಿ, ಶನಿವಾರ ಭಾನುವಾರ ಇಲ್ಲಿ ಎಂದೆವು. ಕೆಲವು ಶನಿವಾರ ಬಂದಿರಿ. ಆಮೇಲೆ ಶನಿವಾರವೂ ಫ್ರೀವೇಯಲ್ಲಿ ಟ್ರಾಫಿಕ್ಕು ಶುರುವಾಯಿತು. ನಮ್ಮ ನಡುವೆ ಜಗಳ ಆಗಿದ್ದರೆ ರಾಜಿಗೆ ಯಾರನ್ನಾದರೂ ಕರೆಯಬಹುದಿತ್ತು. ಟ್ರಾಫಿಕ್ಕಿನ ಜೊತೆ ರಾಜಿ ಮಾಡಿಸುವವರು ಯಾರು?

ಧಾರೆಯ ವಿಷಯಕ್ಕೆ ಬರುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಮಗಳ ಕೈಗೆ ನೀರು ಎರೆದು ಕೊಡುವುದು ಅಪ್ಪ, ಅಪ್ಪ ಗಟ್ಟಿಮುಟ್ಟಾಗಿರುವಾಗ ಸೋದರಮಾವ ಯಾಕೆ ಎಂದು ನೀವು ಕೇಳಿದಿರಿ. ನಾವು ಅಳಿಯಕಟ್ಟಿನವರು, ನಮ್ಮಲ್ಲಿ ಮಾವನೇ ಯಜಮಾನ, ಅಚ್ಯುತಣ್ಣನೇ ಎರೆಯಲಿ ಎಂದು ನಾನು ಹಟ ಹಿಡಿದೆ. ಹಾಗಾದರೆ ಮದುವೆಗೆ ನನ್ನ ಅಗತ್ಯ ಇಲ್ಲ ಎಂದಿರಿ. ನಿಮ್ಮಿಷ್ಟ ಎಂದೆ. ನಮ್ಮ ಮದುವೆಯಲ್ಲಿ ನನ್ನ ಅಪ್ಪ, ಮಾವ ಇಬ್ಬರೂ ಒಂದೇ ಗಿಂಡಿಗೆ ಕೈ ಕೊಟ್ಟು ಎರೆದದ್ದು ನಿಮಗೂ ನೆನಪಿತ್ತು, ನನಗೂ ನೆನಪಿತ್ತು. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಇನ್ನು ನೋನಾ. ಕಾಯಿಲೆಯವನ ಹೆಂಡತಿ ಮನೆಯಲ್ಲಿ ಕೂತು ಚಿಂತೆ ಮಾಡಬಾರದು ಎಂಬುದು ಅವರ ಕಾನೂನು. ಮರುದಿನವೇ ಲೂಕಾನ ಕಾರಿನಲ್ಲಿ ನನ್ನನ್ನು ರೊವಿನ್ ಎಂಬ ಕಡಲೂರಿಗೆ ಕರೆದುಕೊಂಡು ಹೋದರು. ಸಮುದ್ರದಿಂದಲೇ ನೇರ ಎದ್ದ ಮನೆಗಳು, ಓಣಿಯ ಮೇಲೆ ಈ ಕಿಟಕಿಯಿಂದ ಆ ಕಿಟಕಿಗೆ ಕಟ್ಟಿದ ಬಟ್ಟೆಯ ಹಗ್ಗ, ಕಾಲು ಜಾರುವಷ್ಟು ನುಣುಪಾದ ಕಲ್ಲುಹಾಸು. ಗುಡ್ಡದ ತುದಿಯಲ್ಲಿ ಇಗರ್ಜಿ. ನನ್ನ ಮೊಣಕಾಲು ನಿಮಗೆ ಗೊತ್ತಲ್ಲ, ಆದರೂ ಹತ್ತಿದೆ. ಒಳಗೆ ಹೋದವರೇ ನೋನಾ ಮೇಣದಬತ್ತಿಯೊಂದನ್ನು ಹಚ್ಚಿ ನಿಮ್ಮ ಹೆಸರು ಕೇಳಿದರು. ಭೋಜ ಎಂದೆ. ಅವರ ಬಾಯಲ್ಲಿ ಅದು ಬೋಯಾ ಆಯಿತು. ಬೋಯಾನ ಎದೆಗೆ ಬಲ ಕೊಡಪ್ಪಾ ಎಂದು ಅವರು ಬೇಡಿಕೊಂಡಾಗ ನನಗೆ ನಗು ಬಂತು, ಕೂಡಲೇ ಭಯವೂ ಬಂತು. ಕಲ್ಲಿನಂತೆ ಇರುವ ನಿಮಗೆ ಕಾಯಿಲೆ ಬರಿಸಿಬಿಟ್ಟೆನಲ್ಲ, ಬಾಯಿಯ ಮಾತು ಎಲ್ಲಿಯಾದರೂ ತಾಗಿದರೆ? ಅವರು ಅತ್ತ ತಿರುಗಿದಾಗ ನಾನೂ ಕೈ ಮುಗಿದೆ.

ಆಮೇಲೆ ಅದು ದಿನಚರಿಯೇ ಆಯಿತು. ಊರಿಗೊಂದು ಮೇಣದಬತ್ತಿ. ಪೊರೆಚ್‌ನ ಹಳೆಯ ಇಗರ್ಜಿಯಲ್ಲಿ ಗೋಡೆಯ ತುಂಬ ಬಂಗಾರದ ಹರಳಿನ ಚಿತ್ರಗಳು, ಅವುಗಳ ಕೆಳಗೆ ನಿಮ್ಮ ಹೆಸರಿಗೊಂದು. ಮೊಟೊವುನ್ ಎಂಬ ಬೆಟ್ಟದೂರಿನಲ್ಲಿ ಕೋಟೆಗೋಡೆಯ ಮೇಲೆ ಸುತ್ತ ನಡೆಯಬಹುದು, ಕೆಳಗೆ ಕಣಿವೆಯಲ್ಲಿ ಹೊಳೆ ಕಾಣುತ್ತದೆ. ಅಲ್ಲೂ ಒಂದು. ಹೂಮ್ ಎಂದೊಂದು ಪೇಟೆಯಂತೆ, ಎರಡು ಓಣಿ ದಾಟಿದರೆ ಮುಗಿಯಿತು. ಅಲ್ಲಿ ಬಂದಳಿಕೆಯ ಎಲೆ ಹಾಕಿದ ಸಾರಾಯಿ ಸಿಗುತ್ತದೆ, ಹೃದಯಕ್ಕೆ ಒಳ್ಳೆಯದೆಂದು ನೋನಾ ನಿಮಗಾಗಿ ಒಂದು ಬಾಟಲಿ ಕೊಂಡರು. ನನ್ನ ಸೀರೆಯ ಮಡಿಕೆಯಲ್ಲಿ ಸುತ್ತಿ ತಂದಿದ್ದೇನೆ.

ಪೂಲಾದಲ್ಲಿ ರೋಮನ್ನರ ಕಾಲದ ದೊಡ್ಡ ಕಲ್ಲಿನ ಅಖಾಡ ಇದೆ, ಕಮಾನುಗಳ ಸಂದಿನಿಂದ ಸಮುದ್ರ ಕಾಣುತ್ತದೆ. ಎಲ್ಲರೂ ಫೋಟೊ ತೆಗೆಯುತ್ತಿದ್ದರು. ನಾನು ಹೋಗಿ ಕಲ್ಲಿನ ಮೇಲೆ ಅಂಗೈ ಇಟ್ಟೆ, ಎರಡು ಕಲ್ಲಿನ ನಡುವೆ ಬೆರಳು ಹೋಗುತ್ತದೆಯೇ ಎಂದು ನೋಡಿದೆ. ಅದು ನಿಮ್ಮ ಅಭ್ಯಾಸ. ನನಗೆ ಯಾವಾಗ ಅಂಟಿತೋ ಗೊತ್ತಿಲ್ಲ. ಅಲ್ಲಿಯೇ ಒಂದು ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ, ಬಿಸಿಲಿಗೆ ತಲೆ ಸುತ್ತಿತು ಎಂದು ನೋನಾಗೆ ಹೇಳಿದೆ.

ಯಾಕೆಂದು ನಿಮಗೆ ಹೇಳುತ್ತೇನೆ. ಇಲ್ಲಿಗೆ ಬಂದ ಹೊಸತರಲ್ಲಿ, ಅಪೇಕ್ಷಾ ಸಣ್ಣವಳಿದ್ದಾಗ, ವಾರದ ಕೊನೆಗೆ ನೀವು ಕಾರು ತೆಗೆಯುತ್ತಿದ್ದಿರಿ. ಪಾದ್ರಿಗಳು ಕಟ್ಟಿದ ಹಳೆಯ ಮಿಷನ್ ಇಗರ್ಜಿಗಳು, ಚಿನ್ನ ತೆಗೆದು ಬಿಟ್ಟುಹೋದ ಊರುಗಳು, ನದಿಯ ಬದಿಯಲ್ಲಿ ಚೀನೀಯರು ಕಟ್ಟಿದ ಮರದ ಮನೆಗಳು. ಎಲ್ಲ ಕಡೆಯೂ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀವು ಇಳಿಯುತ್ತಿದ್ದಿರಿ. ಬಾ ಎಂದು ಕರೆಯುತ್ತಿದ್ದಿರಿ. ಗೋಡೆ ನೋಡುವುದಕ್ಕೆ ಯಾರು ಬಿಸಿಲಿಗೆ ಇಳಿಯುತ್ತಾರೆ ಎಂದು ನಾನು ಏಸಿ ಹಾಕಿಕೊಂಡು ಕಾರಿನಲ್ಲೇ ಕೂರುತ್ತಿದ್ದೆ. ಕೊನೆಕೊನೆಗೆ ನೀವು ಕರೆಯುವುದನ್ನು ಬಿಟ್ಟಿರಿ, ನನಗೆ ನೆಮ್ಮದಿ ಎನಿಸಿತ್ತು. ಈಗ ಅರವತ್ತರ ಹತ್ತಿರ ಬಂದು, ನಿಮ್ಮ ಹೆಸರಿನ ಮೇಣದಬತ್ತಿ ಹಿಡಿದುಕೊಂಡು ನೀವು ನೋಡಬೇಕಿದ್ದ ಊರುಗಳ ಮೆಟ್ಟಿಲನ್ನೆಲ್ಲ ನೀವಿಲ್ಲದೆ ಹತ್ತಿದೆ. ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು ನನ್ನ ಬುದ್ಧಿ. ಪಶ್ಚಾತ್ತಾಪ ಎನ್ನುವುದು ದೊಡ್ಡ ಮಾತು, ಪುರಾಣದವರಿಗೆ ಇರಲಿ. ನನಗೆ ಬೇಸರವಾಯಿತು. ಬಹಳ ಬೇಸರವಾಯಿತು.

ಇನ್ನೊಂದು ಫಜೀತಿ ಕೇಳಿ. ಕಾಯಿಲೆಯವರ ಬಗ್ಗೆ ಜನ ವಿಚಾರಿಸುತ್ತಾರಲ್ಲ, ಬೋಯಾ ಎಂಥವರು, ಏನು ತಿನ್ನುತ್ತಾರೆ, ಸಿಟ್ಟು ಬರುತ್ತದಾ ಎಂದು ನೋನಾ ದಾರಿಯುದ್ದಕ್ಕೂ ಕೇಳುತ್ತಿದ್ದರು. ಸುಳ್ಳು ಹೇಳಲು ಹೊರಟೆ, ಹೊಳೆಯಲಿಲ್ಲ. ಇದ್ದದ್ದನ್ನೇ ಹೇಳಿದೆ. ಸಿಟ್ಟು ಬಂದರೆ ಮಾತಾಡುವುದಿಲ್ಲ, ಪಾತ್ರೆ ತೊಳೆಯುತ್ತಾರೆ ಎಂದೆ. ಭೂಕಂಪಕ್ಕೆ ಬೀಳದ ಹಾಗೆ ಹಳೆಯ ಕಟ್ಟಡಗಳನ್ನು ಗಟ್ಟಿ ಮಾಡುವುದು ಅವರ ಕೆಲಸ ಎಂದೆ. ನನಗೆ ಟೈಫಾಯಿಡ್ ಆಗಿದ್ದಾಗ ಗಂಜಿ ಮಾಡಲು ಬಾರದೆ ಉಡುಪಿಗೆ ಫೋನ್ ಹಚ್ಚಿ, ಅತ್ತೆ ಹೇಳಿದಂತೆ ಸೌಟು ಆಡಿಸಿದ್ದನ್ನು ಹೇಳಿದೆ. ನೋನಾ ಕೇಳುತ್ತಲೇ ಇದ್ದರು. ಹೇಳುತ್ತಾ ಹೇಳುತ್ತಾ ನನಗೇ ಅನ್ನಿಸಿತು, ಇಷ್ಟು ಒಳ್ಳೆಯವರನ್ನು ಕಾಯಿಲೆಯಲ್ಲಿ ಬಿಟ್ಟು ಬಂದಿದ್ದೇನಲ್ಲ ಎಂದು. ನನ್ನ ಸುಳ್ಳನ್ನು ನಾನೇ ನಂಬತೊಡಗಿದ್ದೆ.

ಮದುವೆಯ ದಿನ ಹಳ್ಳಿಯ ಇಗರ್ಜಿಯ ಶಾಸ್ತ್ರ ಮುಗಿಸಿ ಮನೆಯ ಅಂಗಳದಲ್ಲಿ ಧಾರೆ. ಮುಂಬಯಿಯಿಂದ ಅಚ್ಯುತಣ್ಣ ಗಿಂಡಿ ತಂದಿದ್ದ. ಅವನು ಪಂಚೆಯುಟ್ಟು ನಿಂತು ನೀರು ಎರೆದ, ಊರಿನವರೆಲ್ಲ ಸುಮ್ಮನೆ ನಿಂತು ನೋಡಿದರು. ನನಗೆ ಗೆದ್ದ ಹಾಗೆ ಅನ್ನಿಸಬೇಕಿತ್ತು. ಆಮೇಲೆ ಅಣ್ಣ ನನ್ನ ಹತ್ತಿರ ಬಂದು ಕೂತು ಮೆಲ್ಲಗೆ ಹೇಳಿದ, “ನಾನು ಎರೆದದ್ದು ಹೌದು ಮಾರಾಯ್ತಿ. ಆದ್ರೆ ಹುಡುಗಿ ನನ್ನ ಕೈ ನೋಡ್ಲೇ ಇಲ್ಲ. ಅಷ್ಟೂ ಹೊತ್ತು ಗೇಟಿನ ಕಡೆಯೇ ನೋಡಿಕೊಂಡಿತ್ತು. ನಂಗೆ ಈ ಯಜಮಾನಿಕೆ ಬೇಡ ಇತ್ತು.”

ಇದನ್ನು ನಿಮಗೆ ಹೇಳಬಾರದೆಂದು ಮಗಳು ಆಣೆ ಹಾಕಿಸಿದ್ದಾಳೆ. ನೀವು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನೋಡಿದ್ದಾಳೆ.

ಹೊರಡುವ ಹಿಂದಿನ ದಿನ ಸಂಜೆ ಅಡುಗೆಮನೆಯಲ್ಲಿ ನೋನಾ ಹಿಟ್ಟು ಲಟ್ಟಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ಅವರು ಕತ್ತರಿಸಿ ಕೊಟ್ಟ ಚೌಕಗಳನ್ನು ಸುರುಳಿ ಮಾಡುತ್ತಿದ್ದೆ. ಅವರು ತಲೆ ಎತ್ತದೆ, “ಗಂಡನಿಗೆ ಎದೆ ಕೊಯ್ದಿದ್ದಾರೆ ಅಂತೀಯ. ಬಂದಾಗಿನಿಂದ ಒಂದು ಸಲವೂ ನೀನು ಅವನಿಗೆ ಫೋನ್ ಮಾಡಲಿಲ್ಲ,” ಎಂದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಅವರ ಗಂಡ ದುಡಿಯಲು ಆಸ್ಟ್ರೇಲಿಯಾಕ್ಕೆ ಹೋದವರು ಅಲ್ಲೇ ಉಳಿದರಂತೆ. ಬರುವ ಬೇಸಿಗೆಗೆ ಬರುತ್ತಾರೆ ಎಂದು ಊರಿಗೆಲ್ಲ ಹೇಳುತ್ತಾ ಹೇಳುತ್ತಾ ನೋನಾಗೆ ವಯಸ್ಸಾಯಿತಂತೆ. ಊರಿನವರೂ ನಂಬಿದಂತೆ ನಟಿಸಿದರಂತೆ. ಹಾಗಾದರೆ ನನ್ನ ಮಾತು ಸುಳ್ಳೆಂದು ಗೊತ್ತಿದ್ದೂ ಮೇಣದಬತ್ತಿ ಯಾಕೆ ಹಚ್ಚಿದಿರಿ ಎಂದು ಕೇಳಿದೆ. ಏನೋ ಒಂದಕ್ಕೆ ಹುಷಾರಿಲ್ಲ ಎಂಬುದಂತೂ ನಿಜವಾಗಿತ್ತಲ್ಲ ಎಂದರು.

ಈಗ ಕಾಗದದ ಮುಖ್ಯ ವಿಷಯ. ಅಕ್ಟೋಬರ್ 18, ಶನಿವಾರ ಇಲ್ಲಿ ರಿಸೆಪ್ಶನ್. ಲೂಕಾನ ಅಪ್ಪ ಅಮ್ಮನ ಜೊತೆ ನೋನಾ ಕೂಡ ಬರುತ್ತಿದ್ದಾರೆ, ಈ ವಯಸ್ಸಿನಲ್ಲಿ ಮೊದಲ ಸಲ ವಿಮಾನ. ನಿಮ್ಮನ್ನು ನೋಡಬೇಕಂತೆ. ಮೊದಲಾಗಿದ್ದರೆ ಬೀಗರ ಮುಂದೆ ಮಾನ ಉಳಿಸಿ, ಆ ಎರಡು ಗಂಟೆ ಎದೆ ಹಿಡಿದುಕೊಂಡು ನನ್ನ ಪಕ್ಕ ನಿಲ್ಲಿ ಎಂದು ಬರೆಯುತ್ತಿದ್ದೆ. ಈಗ ನಟಿಸುವ ಅಗತ್ಯವೇ ಇಲ್ಲ. ತಿಳಿಯಬೇಕಾದವರಿಗೆ ತಿಳಿದಿದೆ. ನಾಲ್ಕು ಜನ ಏನೆನ್ನುತ್ತಾರೆ ಎನ್ನುವ ಆ ನಾಲ್ಕು ಜನರನ್ನು ನಾನು ಈವರೆಗೆ ಕಂಡಿಲ್ಲ. ಹಾಗಾಗಿ ಯಾರಿಗೋಸ್ಕರವೂ ಬರಬೇಡಿ. ಬಂದರೆ ನಿಮ್ಮ ಮಗಳು ಗೇಟಿನ ಕಡೆ ನೋಡುವುದನ್ನು ಬಿಡುತ್ತಾಳೆ. ನಾನೂ.

ಅಚ್ಯುತಣ್ಣ ಗಿಂಡಿಯನ್ನು ನನ್ನ ಹತ್ತಿರವೇ ಬಿಟ್ಟು ಹೋಗಿದ್ದಾನೆ. ಧಾರೆ ಎರಡು ಸಲ ಎರೆಯಬಾರದು ಎಂದು ಯಾವ ಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ, ನೀವೂ ವಿಚಾರಿಸಲು ಹೋಗಬೇಡಿ. ಶನಿವಾರ ಬೆಳಿಗ್ಗೆಯೇ ಮನೆಗೆ ಬನ್ನಿ. ಟ್ರಾಫಿಕ್ಕು ಇದ್ದರೆ ಶುಕ್ರವಾರವೇ ಹೊರಡಿ.

ಇಂತಿ,
ನಿಮ್ಮ
ಸೌದಾಮಿನಿ

ಮ.ವಿ.: ಒಂದು ವಿಷಯ ಮೇಲೆ ಬರೆಯಲಿಲ್ಲ. ನೋನಾ ಆ ಮಾತು ಹೇಳಿದ ಮೇಲೆ ಹಿಟ್ಟಿನ ಕೈಯಲ್ಲೇ ತಮ್ಮ ಫೋನನ್ನು ನನ್ನ ಮುಂದೆ ತಳ್ಳಿದರು. ನಿಮಗಾಗ ಬೆಳಿಗ್ಗೆ, ಆಫೀಸಿಗೆ ಹೊರಡುವ ಹೊತ್ತು. ಯಾವುದೋ ದೇಶದ ನಂಬರಿನಿಂದ ಬಂದ ಆ ಕರೆ ನನ್ನದೇ. ನೀವು ಹಲೋ ಎಂದಿರಿ. ನಾನು ಮಾತಾಡಲಿಲ್ಲ. ನೀವು ಫೋನ್ ಇಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಮಿನೀ, ನೀನಾ?” ಎಂದಿರಿ. ಲೈನು ತಾನಾಗಿ ಕಡಿದದ್ದಲ್ಲ, ನಾನೇ ಇಟ್ಟೆ. ಹೌದು, ನಾನೇ ಎಂದು ಹೇಳುವುದಕ್ಕೆ ಇಷ್ಟು ಉದ್ದ ಬರೆಯಬೇಕಾಯಿತು.