ಅಮ್ಮನ ಹತ್ತು ಸುತ್ತು

ಮಾರ್ಚ್ ೧೪, ಗುರುವಾರ

ಅಮ್ಮ ಹೋಗಿ ಇವತ್ತಿಗೆ ತಿಂಗಳು. ಅವಳ ವಾಕರನ್ನೂ ಹೆಜ್ಜೆ ಎಣಿಸುವ ಬ್ಯಾಂಡನ್ನೂ ಫಿಸಿಯೋಥೆರಪಿಯವರಿಗೆ ಕೊಟ್ಟುಬಿಡೋಣ ಅಂತ ಹೋದೆ.

"ಬ್ಯಾಂಡ್ ಎಲ್ಲಿ ಕಟ್ತಿದ್ರಿ?" ಅಂತ ಕೇಳಿದರು. ಮಣಿಕಟ್ಟಿಗೆ ಅಂದೆ.

"ಅಯ್ಯೋ, ವಾಕರ್ ಹಿಡಿದ ಕೈ ಆಡೋದೇ ಇಲ್ವಲ್ಲ, ಅದು ಹೆಜ್ಜೆ ಎಣಿಸಲ್ಲ. ಕಾಲಿಗೆ ಕಟ್ಟಬೇಕಿತ್ತು."

ದಿನಾ ಸಂಜೆ ಕೆಲಸದಿಂದ ಬಂದವಳೇ ಆ ಬ್ಯಾಂಡ್ ನೋಡಿ ರೇಗುತ್ತಿದ್ದೆ. "ಹತ್ತು ಸುತ್ತು ಹಾಕಿದೆ ಕಣೇ" ಅನ್ನೋಳು. "ಮೂವತ್ತೇ ಹೆಜ್ಜೆ ತೋರಿಸ್ತಿದೆ, ಸುಳ್ಳು ಹೇಳಬೇಡಮ್ಮ" ಅಂತಿದ್ದೆ. ಕೊನೆಕೊನೆಗೆ ಅವಳೇ, "ನಡೆದಿರಲ್ಲ ಬಿಡು, ನನಗೇ ಮರೆವು" ಅಂದುಬಿಟ್ಟಳು.

ಮಂಚದಿಂದ ಬಾಗಿಲವರೆಗೂ ನೆಲದ ಮೇಲೆ ವಾಕರ್ ಉಜ್ಜಿದ ಎರಡು ಗೆರೆಗಳಿವೆ. ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ. ನೆಲ ಹಾಳಾಯ್ತು ಅಂತ ಅದಕ್ಕೂ ಅವಳನ್ನೇ ಬೈದಿದ್ದೆ.